ಎತ್ತರದ ಲೆಕ್ಕ

ಗಣಿ ವ್ಯಾಪಾರವು ಉಚ್ಛ್ರಾಯದಲ್ಲಿದ್ದ ದಿನಗಳಿಂದಲೂ ಹೊಸಪೇಟೆಯ ನಮಗೆ ಸಣ್ಣ ಜೆಟ್ ವಿಮಾನಗಳು ಅಪರೂಪವಲ್ಲ. ಸಂಡೂರಿನ ಬೆಟ್ಟಸಾಲಿನ ಮೇಲಿಂದ ತೋರಣಗಲ್ಲಿನ ಕಡೆಗೆ ಇಳಿಯುವ ವಿಮಾನವನ್ನು ಕಂಡಾಗ, ಒಳಗೆ ಯಾವ ಸಾಹುಕಾರರಿರಬಹುದು ಎಂದೇ ಎಲ್ಲರೂ ಕೇಳುತ್ತಾರೆ. ನಡೆಸುವವನ ವಿಚಾರ ಕೇಳಿದವರನ್ನು ನಾನು ಕಾಣೆ.

ಆ ವಿಚಾರವನ್ನು ನಾನು ಓದತೊಡಗಿದ್ದು 1990ರ ಫೆಬ್ರವರಿ 14ರ ಬೆಂಗಳೂರಿನ ದುರಂತದ ತರುವಾಯ. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ವಿಮಾನವು ನಿರಭ್ರವಾದ ಮಧ್ಯಾಹ್ನದಲ್ಲಿ ಎಚ್.ಎ.ಎಲ್. ನಿಲ್ದಾಣವನ್ನು ಮುಟ್ಟದೆ ಗಾಲ್ಫ್ ಮೈದಾನಕ್ಕೆ ಬಿದ್ದಿತು. 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ನಿಮಿಷಕ್ಕೆ 700 ಅಡಿಯಂತೆ ಇಳಿಯಬೇಕೆಂದು ಗುಂಡಿ ತಿರುಗಿಸುವಾಗ ಕೈಯು ಪಕ್ಕದ ಗುಂಡಿಗೆ ಹೋಗಿ, 700 ಅಡಿಯ ಎತ್ತರವನ್ನೇ ಗುರಿಯಾಗಿ ಕೊಟ್ಟಿರಬೇಕೆಂದು ತನಿಖೆಯು ಊಹಿಸಿತು. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ! ಎಂಜಿನ್‌ಗಳು ಮಂದವಾಗಿ, ಯಂತ್ರವು 400, 300, 200 ಎಂದು ಕೂಗಿ ಹೇಳಿದರೂ, ಅಪಾಯ ಮನಗಾಣುವಷ್ಟರಲ್ಲಿ ಹೊತ್ತು ಮೀರಿತ್ತು. ಅಜ್ಞಾನಿಗಳಲ್ಲ, ಅನುಭವಿಗಳೇ ಅಲ್ಲಿ ಕುಳಿತಿದ್ದವರು.

ಎತ್ತರ ತೋರಿಸುವ ಸಾಧನವು ವಾಸ್ತವದಲ್ಲಿ ಅಳೆಯುವುದು ಗಾಳಿಯ ಒತ್ತಡವನ್ನು. ಆಯಾ ಸ್ಥಳದ ಒತ್ತಡಕ್ಕೆ ಅದನ್ನು ಹೊಂದಿಸಿಕೊಳ್ಳಬೇಕು. ಒಂದು ಮಿಲಿಬಾರ್ ತಪ್ಪಿದರೆ ಸುಮಾರು 30 ಅಡಿ ತಪ್ಪುತ್ತದೆ. ಹತ್ತು ತಪ್ಪಿದರೆ 300 ಅಡಿ. ತಕ್ಕಡಿ ಹಿಡಿದು ಬದುಕಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಳ್ಳು ಸೊನ್ನೆಗೆ ನಿಲ್ಲದಿದ್ದರೆ ಮುಂದಿನ ತೂಕವೆಲ್ಲ ಸುಳ್ಳು, ತೂಗುವವನು ಎಷ್ಟೇ ಸತ್ಯವಂತನಾಗಿರಲಿ.

ಧನಿಕರ ಜೆಟ್‌ಗಳಿಗೂ ಇದರಿಂದ ವಿನಾಯಿತಿಯಿಲ್ಲ. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನ ಕಾಡಿನ ಮೇಲೆ ಅಂಥದೊಂದು ಹೊಸ ಜೆಟ್ 37,000 ಅಡಿಯಲ್ಲಿ ಎದುರಿನಿಂದ ಬಂದ ಬೋಯಿಂಗ್‌ಗೆ ತಗುಲಿತು. ಮೊದಲ ಯೋಜನೆಯಂತೆ ಅದು ಬ್ರೆಸಿಲಿಯಾ ದಾಟಿ 36,000 ಅಡಿಯಲ್ಲಿರಬೇಕಿತ್ತು. ಇಳಿಯಿರೆಂಬ ಆದೇಶ ಕೆಳಗಿನಿಂದ ಬರಲಿಲ್ಲ. ಎತ್ತರವನ್ನು ಕೆಳಗೆ ತಿಳಿಸುವ ಯಂತ್ರ ಮೌನವಾದದ್ದನ್ನು ಮೇಲಿನವರು ಗಮನಿಸಲಿಲ್ಲ. ಜೆಟ್‌ನ 7 ಮಂದಿ ಉಳಿದರು. ಬೋಯಿಂಗ್‌ನ 154 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಆದರೆ ನನ್ನ ಮನಸ್ಸನ್ನು ಕಲಕಿದ್ದು ಇನ್ನೂ ಹಳೆಯ ಪ್ರಕರಣ. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಸಮೀಪ ವಿಮಾನವೊಂದು, ನಿಲ್ದಾಣದವರ ಮಾತನ್ನು 1,800 ಅಡಿಗೆ ಇಳಿಯಲು ಅನುಮತಿಯೆಂದು ತಿಳಿದು, ಬೆಟ್ಟಕ್ಕೆ ಬಡಿಯಿತು. ಅಲ್ಲಿಯೂ ಸತ್ತವರು 92 ಮಂದಿಯೇ. ಆರು ವಾರ ಮೊದಲು ಬೇರೊಂದು ಕಂಪನಿಯ ವೈಮಾನಿಕರು ಅದೇ ಸ್ಥಳದಲ್ಲಿ ಅದೇ ಪ್ರಮಾದ ಮಾಡಿ ಕೂದಲೆಳೆಯಲ್ಲಿ ಪಾರಾಗಿದ್ದರು, ಒಪ್ಪಿಕೊಂಡೂ ಇದ್ದರು. ಅವರ ಕಂಪನಿ ತನ್ನವರನ್ನು ಎಚ್ಚರಿಸಿತು; ಆ ಮಾತು ಹೊರಗಿನವರಿಗೆ ಮುಟ್ಟಲಿಲ್ಲ. ಇದರ ಫಲವಾಗಿ 1976ರಲ್ಲಿ ನಾಸಾ ಸಂಸ್ಥೆಯು ಒಂದು ವ್ಯವಸ್ಥೆಯನ್ನು ಆರಂಭಿಸಿತು. ವೈಮಾನಿಕನು ತನ್ನ ತಪ್ಪನ್ನು ತಾನೇ ಬರೆದು ಕಳುಹಿಸಿದರೆ ಹೆಸರನ್ನು ಅಳಿಸಿ ಎಲ್ಲರಿಗೂ ತಿಳಿಸುತ್ತಾರೆ. ಅದು ಉದ್ದೇಶಪೂರ್ವಕವಲ್ಲದಿದ್ದರೆ ಸಾಮಾನ್ಯವಾಗಿ ದಂಡನೆಯೂ ಇಲ್ಲ. ನಮ್ಮಲ್ಲಿ ಆಲೋಚನೆಯೆಂದು ಗುರುಗಳ ಮುಂದೆ ದೋಷ ನಿವೇದಿಸುವುದುಂಟು. ಕೇಳುವವರು ಕೋಪಿಷ್ಠರಾದರೆ ನಿವೇದಿಸುವವರಾರು? ಜೆಟ್‌ನಲ್ಲಾದರೋ ಸಂಬಳ ಕೊಡುವವನೇ ಬೆನ್ನ ಹಿಂದೆ ಕುಳಿತಿರುತ್ತಾನೆ.

ಇದನ್ನು ಬರೆಯುವ ಅಧಿಕಾರ ನನಗಿದೆಯೇ ಎಂಬ ಸಂಕೋಚವುಂಟು. 2004ರ ಸುಗ್ಗಿಯಲ್ಲಿ ನಮ್ಮ ಕಂಪ್ಲಿಯ ಭತ್ತದ ಗೋದಾಮಿನ ಗುಮಾಸ್ತನು ಸಂಜೆ ತಾನಾಗಿ ಬಂದು, "ಸಾಹುಕಾರರೇ, ಬೆಳಗಿನಿಂದ ಕಾಟಾವನ್ನು ಸೊನ್ನೆಗೆ ತರದೆ ತೂಗಿದ್ದೇನೆ. ರೈತರಿಗೆ ಚೀಲಕ್ಕೆ ಅರ್ಧ ಕಿಲೋ ಕಡಿಮೆ ಬಿದ್ದಿದೆ," ಎಂದನು. ಹಮಾಲರ ಎದುರಿನಲ್ಲಿಯೇ ಅವನನ್ನು ಹೀನಾಯವಾಗಿ ಬೈದೆ, ಸಂಬಳದಲ್ಲಿ ಮುರಿದುಕೊಂಡೆ. ಅವನು ಕೆಲಸ ಬಿಟ್ಟನು. ಆಮೇಲೆ ಮೂರು ವರ್ಷ ಗೋದಾಮಿನಿಂದ ಒಂದು ತಪ್ಪೂ ವರದಿಯಾಗಲಿಲ್ಲ. ನನ್ನ ಶಿಸ್ತಿನ ಫಲವೆಂದು ಹಿಗ್ಗಿದೆ. ಕೊನೆಗೆ ಕಾಟಾ ದುರಸ್ತಿಗೆ ಬಂದವನು, ಇದು ಬಹುದಿನದಿಂದ ಕೆಟ್ಟಿದೆ ಎಂದಾಗ ಹಮಾಲರು ನೆಲ ನೋಡುತ್ತಾ ನಿಂತರು. ಎಲ್ಲರಿಗೂ ಗೊತ್ತಿತ್ತು.

ಕಳೆದ ಮಾಘದಲ್ಲಿ ಹಂಪಿಗೆ ಹೋದವನು, ಗಾಣಗಿತ್ತಿ ಬಸದಿಯ ದರ್ಶನ ಮುಗಿಸಿ, ಅದೇ ದಾರಿ ಹಿಡಿದು ಕಂಪ್ಲಿಗೆ ಹೋದೆ. ಅವನದೀಗ ಸಣ್ಣ ಕಿರಾಣಿ ಅಂಗಡಿ. ನನ್ನ ಮಾತನ್ನೆಲ್ಲ ಕೇಳಿ ಚಹ ತರಿಸಿದನು. ಅನಂತರ, "ಆ ದಿನದ ರೈತರಿಗೆ ಹಣ ಮುಟ್ಟಿತೇ?" ಎಂದು ಕೇಳಿದನು. ಒಂಬತ್ತು ಮಂದಿಗೆ ಮುಟ್ಟಿತು, ಇಬ್ಬರು ಸಿಗಲಿಲ್ಲ ಎಂದೆ.

"ಅವರ ಊರು ನನಗೆ ಗೊತ್ತು," ಎಂದು ಅಂಗಡಿಯ ಬಾಗಿಲು ಎಳೆದುಕೊಂಡನು.