ಕೈಯ ಕಾಯಕ



ಬಾಚಿ ಕಾಯಕದ ಬಸವಯ್ಯನವರು ಬಡಗಿ ಶರಣರು. ಮರ ಕೆತ್ತುವ ಬಾಚಿಯೇ ಅವರ ಹೆಸರಾಯಿತು. ಈ ಹೆಸರಿನ ಮರ್ಮವನ್ನು ಮಂಗಳೂರು ಶಕ್ತಿನಗರದ ಭಕ್ತರೊಬ್ಬರಿಗೆ ಅವರ ಮಗನೇ ತಿಳಿಸಿದನು.

ಬಾಲಕನು ಮರದ ತುಂಡಿನಿಂದ ಪುಟ್ಟ ಕಾರೊಂದನ್ನು ಮಾಡಿದ್ದನು. ಓರೆಯಾಗಿಟ್ಟ ಹಲಗೆಯ ಮೇಲೆ ಗೆಳೆಯರ ಕಾರುಗಳೊಡನೆ ಪಂದ್ಯ. ಯಂತ್ರವಿಲ್ಲ, ತಳ್ಳುವಂತಿಲ್ಲ, ಭೂಮಿಯ ಸೆಳೆತದಿಂದಲೇ ಓಟ. 1953ರಲ್ಲಿ ಅಮೆರಿಕದ ಡಾನ್ ಮರ್ಫಿಯವರು ಸ್ಕೌಟ್ ಬಾಲಕರಿಗಾಗಿ ಇಂಥ ಆಟವನ್ನು ಆರಂಭಿಸಿದ್ದು, ತಂದೆ ಮಕ್ಕಳು ಕೂಡಿ ದುಡಿಯಲೆಂದು. ಅಲ್ಲಿ ಕಾರಿನ ತೂಕ ಸುಮಾರು 142 ಗ್ರಾಂ ಮೀರುವಂತಿಲ್ಲ.

ಮಗನ ಕಾರಿನ ಅಚ್ಚು ಸೊಟ್ಟಗಿತ್ತು. ಅವನು ಮಲಗಿದ ಮೇಲೆ ತಂದೆಯೇ ಅದನ್ನು ನೇರಗೊಳಿಸಿ, ಅರದಿಂದ ತೀಡಿ ನುಣುಪಾಗಿಸಿದರು. ಮರುದಿನ ಕಾರು ಗೆದ್ದಿತು, ಮಗನು ಹಿಗ್ಗಲಿಲ್ಲ. "ಅಪ್ಪಾಜಿ, ಗೆದ್ದದ್ದು ನಿಮ್ಮ ಕಾರು" ಎಂದನು.

ಇಳಿಜಾರು ಎಲ್ಲರಿಗೂ ಒಂದೇ, ಸೆಳೆತವೂ ಒಂದೇ. ಓಟವನ್ನು ತಡೆಯುವುದು ಅಚ್ಚಿನ ಘರ್ಷಣೆ. ಅಂತೆಯೇ ಕೃಪೆ ಸರ್ವರಿಗೂ ಸಮ. ತಡೆಯುವುದು ನಮ್ಮೊಳಗಿನ ಸೊಟ್ಟು. ಅದನ್ನು ತಾನೇ ತಿದ್ದಿಕೊಳ್ಳಬೇಕು. ಲಿಂಗಪೂಜೆಯನ್ನು ಅನ್ಯರಿಂದ ಮಾಡಿಸಲಾಗದೆಂದು ಬಸವಣ್ಣನವರು ಎಚ್ಚರಿಸಿದರು. ಕಾಯಕಕ್ಕೂ ಅದೇ ಮಾತು ಸಲ್ಲುತ್ತದೆ. ಮಮತೆಯಿಂದ ಮಾಡಿಕೊಟ್ಟರೂ ಅದು ಮಗುವಿನ ಕಾಯಕವಾಗದು.

ಅಂದು ಸಂಜೆ ತಂದೆಯು ಹೊಸ ಮರದ ತುಂಡನ್ನೂ ಅರವನ್ನೂ ಮಗನ ಕೈಗಿತ್ತು, ಪಕ್ಕದಲ್ಲಿ ಸುಮ್ಮನೆ ಕುಳಿತರು.