ಕಲ್ಲಿಗೆ ಎಷ್ಟು ವಯಸ್ಸು?

ಮದ್ದೂರು. ಅಕ್ಕನ ಮಗಳು ದ್ವಿತೀಯ ಪಿಯುಸಿ. ವಿಕಾಸದ ಪಾಠ ಓದುತ್ತಿದ್ದವಳು ಕೇಳಿದಳು: "ಮಾವ, ನಮ್ಮೂರ ಬಂಡೆಗೂ ಕಾರ್ಬನ್ ಡೇಟಿಂಗ್ ಮಾಡ್ಬೋದಾ?" ಆಗಲ್ಲ ಅಂದೆ. ಕಾರ್ಬನ್-14 ಪ್ರತಿ 5,730 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಸುಮಾರು 50 ಸಾವಿರ ವರ್ಷದಾಚೆ ಎಣಿಸಲು ಏನೂ ಉಳಿಯದು. ಅದೂ ಒಮ್ಮೆ ಉಸಿರಾಡಿದ ಜೀವಕ್ಕೆ. ನಮ್ಮ ಬಂಡೆಯಲ್ಲಿ ಪಳೆಯುಳಿಕೆಯ ಚೂರೂ ಇಲ್ಲ.

ಆತಕೂರು, ಇದೇ ತಾಲ್ಲೂಕು. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನ ಕಲ್ಲು ಇಲ್ಲಿಯದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ 872, ಅಂದರೆ ಕ್ರಿ.ಶ. 949-50. ವರ್ಷ ಕೆತ್ತಿರದಿದ್ದರೆ ಅಕ್ಷರದ ತಿರುವು ನೋಡಿ 'ಇದಕ್ಕಿಂತ ಹಳತು, ಅದಕ್ಕಿಂತ ಹೊಸತು' ಅನ್ನಬೇಕಿತ್ತು. ಸಾಪೇಕ್ಷ ಕಾಲನಿರ್ಣಯ ಅಷ್ಟೇ. ನಿರಪೇಕ್ಷ ಅಂದರೆ ಆ ಶಕವರ್ಷ. ಆದರೆ ಕಲ್ಲನ್ನೇ ಲ್ಯಾಬಿಗೆ ಕೊಟ್ಟರೆ ನಾಯಿಯ ಸುದ್ದಿಯೇ ಬರುವುದಿಲ್ಲ. ಉಳಿಯೇಟಿಗೆ ಒಳಗಿನ ಗಡಿಯಾರ ಹೊಸದಾಗಿ ಶುರುವಾಗದು. ಅದಕ್ಕೆ ಭಾರೀ ಕಾವೇ ಬೇಕು.

ಮಳವಳ್ಳಿಯಿಂದ ಹಲಗೂರು ದಾಟಿ, ಸಾತನೂರಿನ ಆಸುಪಾಸು ಕಬ್ಬಾಳದುರ್ಗ. ಬೂದು ನೈಸ್ ಕಲ್ಲಿನ ನಡುವೆ, ಎಣ್ಣೆ ಚೆಲ್ಲಿದ ಹಾಗೆ, ಕಪ್ಪು ಚಾರ್ನಕೈಟಿನ ಮಚ್ಚೆಗಳು. ಒಂದು ಕಲ್ಲು ಮತ್ತೊಂದಾಗುತ್ತಾ ಅರ್ಧಕ್ಕೇ ನಿಂತಿದೆ ಎಂದು ಸಿ. ಎಸ್. ಪಿಚ್ಚಮುತ್ತು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಹಾಗೆ ಕಲ್ಲನ್ನು ಬದಲಿಸಿದ ಕಾವು ಸುಮಾರು 250 ಕೋಟಿ ವರ್ಷದ ಹಿಂದಿನದು. ಮೂಲ ನೈಸ್ ಅದಕ್ಕೂ ಹಿರಿಯ. ಹಾಗಾದರೆ ಕಲ್ಲಿನ ವಯಸ್ಸು ಯಾವುದು?

ಜಿರ್ಕಾನ್ ಹರಳನ್ನು ಕೇಳುತ್ತಾರೆ. ಅದು ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಂಡು ಸೀಸವನ್ನು ಹೊರಗಿಡುತ್ತದೆ. ಒಳಗೆ ಸೀಸ ಕಂಡರೆ ಬಹುಪಾಲು ಯುರೇನಿಯಮ್ಮೇ ಸವೆದು ಆದದ್ದು. ಯುರೇನಿಯಂ-238 ಅರ್ಧವಾಗಲು 447 ಕೋಟಿ ವರ್ಷ. ಆಮೇಲೆ ಮತ್ತೆ ಕಾವು ತಗುಲಿದರೆ ಹಳೆ ಹರಳಿನ ಸುತ್ತ ಹೊಸ ಪದರ ಬೆಳೆಯುತ್ತದೆ. ತಿರುಳಿಗೊಂದು ವಯಸ್ಸು, ಸಿಪ್ಪೆಗೊಂದು! ನಾನು ಎರಡನ್ನೂ ಬರೆದುಕೊಂಡೆ. ಪರೀಕ್ಷೆಯಲ್ಲಿ ಒಂದೇ ಸಾಕಂತೆ.

ರಾತ್ರಿ, ಮುದ್ದೆ ಮುರಿಯುವಾಗ ಕಾರ್ಬನ್ ಡೇಟಿಂಗಿನದೇ ಇನ್ನೊಂದು ತೊಡಕು. ಭತ್ತ ಸಿ3 ಸಸ್ಯ. ರಾಗಿ, ಕಬ್ಬು ಸಿ4. ಗಾಳಿಯಿಂದ ಇಂಗಾಲ ಆರಿಸಿಕೊಳ್ಳುವ ರೀತಿಯೇ ಬೇರೆ. ಸಿ4 ಗಿಡ ಭಾರದ ಇಂಗಾಲವನ್ನು, ಅಂದರೆ ಕಾರ್ಬನ್-13 ಮತ್ತು 14 ಅನ್ನು, ಅಷ್ಟಾಗಿ ತಳ್ಳಿಬಿಡುವುದಿಲ್ಲ. ಹಳೆಯ ಒಲೆಯ ಬೂದಿಯಲ್ಲಿ ಒಂದೇ ವರ್ಷ ಕರಿಕಾದ ರಾಗಿಯೂ ಅಕ್ಕಿಯೂ ಸಿಕ್ಕವೆನ್ನಿ. ಕಾರ್ಬನ್-13 ಅಳೆದು ಸರಿಪಡಿಸದಿದ್ದರೆ ರಾಗಿ ಅಕ್ಕಿಗಿಂತ ಸುಮಾರು 250 ವರ್ಷ ಚಿಕ್ಕದು ಎಂದು ಲೆಕ್ಕ ಬರುತ್ತದೆ.