ಅಕ್ಕಂದಿರೇ, ಆಟದ ಲೆಕ್ಕ ಕೇಳಿ

ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಸ್ಸಲ್ಲಿ ಬರ್ತಿದ್ದೆ. ದಾರಿಬದಿಯ ಶಾಲೆ ಬಯಲಲ್ಲಿ ಹುಡುಗರು ಕಬಡ್ಡಿ ಆಡ್ತಿದ್ರು. ಬೇವಿನ ಮರದ ಕೆಳಗೆ ಒಬ್ಬ ಹುಡುಗಿ ಅವರ ಚಪ್ಪಲಿ, ಬ್ಯಾಗು ಕಾಯ್ತಾ ನಿಂತಿದ್ದಳು. ಅವಳ ಕಾಲು ಮಾತ್ರ ಸುಮ್ಮನಿರಲಿಲ್ಲ. ಹುಡುಗರು ರೈಡಿಗೆ ಹೋದಾಗೆಲ್ಲ ಅವಳೂ ನಿಂತಲ್ಲೇ ಹೆಜ್ಜೆ ಹಾಕ್ತಿದ್ದಳು.

ಅಂಥ ಹುಡುಗಿಯರನ್ನು ಆಟದಿಂದ ಹೊರಗಿಡದಂತೆ ತಡೆಯುವ ಟೈಟಲ್ ನೈನ್ ಕಾನೂನು ಅಮೆರಿಕದಲ್ಲಿ 1972ರಲ್ಲೇ ಬಂತು. ಅದರ ಪ್ರಕಾರ ಸರ್ಕಾರದ ದುಡ್ಡು ಪಡೆಯುವ ಶಾಲೆ ಪಾಠದಲ್ಲಾಗಲಿ ಆಟದಲ್ಲಾಗಲಿ ಹೆಣ್ಣು ಗಂಡೆಂದು ಭೇದ ಮಾಡುವಂತಿಲ್ಲ. ಅದಕ್ಕಾಗಿ ಹೋರಾಡಿದ ಪ್ಯಾಟ್ಸಿ ಮಿಂಕ್ ಅವರಿಗೆ ಹೆಣ್ಣೆಂಬ ಕಾರಣಕ್ಕೇ ವೈದ್ಯಕೀಯ ಕಾಲೇಜುಗಳು ಸೀಟು ಕೊಟ್ಟಿರಲಿಲ್ಲ.

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಶಾಲೆಗೆ ಮೈದಾನ, ಆಟದ ಸಾಮಾನು, ಹುಡುಗಿಯರಿಗೆ ಬೇರೆ ಶೌಚಾಲಯ ಇರಲೇಬೇಕು ಅನ್ನುತ್ತೆ. ಸರ್ಕಾರಿ ಶಾಲೆಯ ಸಮಿತಿಯಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿಯಲ್ಲಿ, ಅರ್ಧದಷ್ಟು ಹೆಂಗಸರೇ ಇರಬೇಕು ಅಂತಲೂ ಅನ್ನುತ್ತೆ. ನನಗೆ ಈ ಮಾತೇ ಎಲ್ಲಕ್ಕಿಂತ ದೊಡ್ಡದು. ಆ ಕುರ್ಚಿ ನಮ್ಮದು, ಯಾರೂ ದಾನ ಕೊಟ್ಟಿದ್ದಲ್ಲ.

ಅಕ್ಕಂದಿರೇ, ಶೇಂಗಾ ಬಿಡಿಸೋದು ಒಂದು ಮಧ್ಯಾಹ್ನ ಬಿಟ್ಟು ಎಸ್‌ಡಿಎಂಸಿ ಸಭೆಗೆ ಹೋಗಿ. ಆಟದ ಪಿರಿಯಡ್ಡಲ್ಲಿ ನಮ್ಮ ಹುಡುಗಿಯರು ಏನು ಮಾಡ್ತಿರ್ತಾರೆ ಅಂತ ಕೇಳಿ. ಕೊಟ್ಟ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.